ಗಣಿ ನಿಂತ ಮೇಲಿನ ಕುದುರೆಮುಖ

ಉಜಿರೆಯಿಂದ ಕುದುರೆಮುಖಕ್ಕೆ ಹೋಗಲು ಎರಡು ದಾರಿಗಳಿವೆ. ಗುರುವಾಯನಕೆರೆ, ನಾರಾವಿ, ಬಜಗೋಳಿ ದಾಟಿ ಮಾಳದಿಂದ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ, ಅಲ್ಲಿಂದ ಬಲಕ್ಕೆ ತಿರುಗಬೇಕು. ಇನ್ನೊಂದು, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಕಳಸದ ಮೇಲೆ ಸುತ್ತಿ ಬರುವ ದಾರಿ. ಯಾವ ಕಡೆಯಿಂದ ಹೋದರೂ ಶೋಲಾ ಕಾಡು ಮತ್ತು ಹುಲ್ಲುಗುಡ್ಡಗಳ ನಡುವೆ ಒಮ್ಮೆಲೇ ಒಂದು ಊರು ಎದುರಾಗುತ್ತದೆ. ಅಚ್ಚುಕಟ್ಟಾಗಿ ನಕ್ಷೆ ಹಾಕಿ ಕಟ್ಟಿದ ಊರು. ಸಾಲು ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಬಯಲು, ಅಗಲವಾದ ರಸ್ತೆ ಎಲ್ಲವೂ ಉಂಟು. ಆದರೆ ಎಷ್ಟೋ ಮನೆಗಳ ಮಾಡು ಕುಸಿದಿದೆ, ಗೋಡೆಗಳಿಗೆ ಪಾಚಿ ಕಟ್ಟಿದೆ, ಅಂಗಳಕ್ಕೆ ಕಾಡು ಬಂದಿದೆ.

ಈ ಊರು ಹುಟ್ಟಿದ್ದು ಒಂದು ಗಣಿಗಾಗಿ. ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಅಲ್ಲಿಂದೀಚೆಗೆ ಎರಡು ದಶಕ ಕಳೆದರೂ ಕಾರ್ಖಾನೆ, ಅಣೆಕಟ್ಟು, ಟೌನ್‌ಶಿಪ್ ಇವುಗಳನ್ನೆಲ್ಲ ಏನು ಮಾಡಬೇಕೆಂಬುದು ಇತ್ಯರ್ಥವಾಗಿಲ್ಲ. ಹಳೆಯ ಕೈಗಾರಿಕಾ ಕಟ್ಟಡಗಳಿಗೆ ಹೊಸ ಬದುಕು ಕೊಡುವ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ನಮ್ಮ ಸೀಮೆಯಲ್ಲಿ ಆ ಮಾತಿಗೆ ನಿಜವಾದ ಪರೀಕ್ಷೆ ಇರುವುದು ಕುದುರೆಮುಖದಲ್ಲಿ. ಪಟ್ಟಣದ ನಡುವಿನ ಹಳೆಯ ಗಿರಣಿಗೆ ಅನ್ವಯಿಸುವ ಬುದ್ಧಿ ಇಲ್ಲಿ ಸಾಲದು.

ಬೆಳ್ತಂಗಡಿ ತಾಲ್ಲೂಕಿನವರಿಗೆ ಕುದುರೆಮುಖ ದೂರದ ಹೆಸರಲ್ಲ. ಮಳೆ ಬಿಟ್ಟ ದಿನ ತೋಟದಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಬೆಟ್ಟಸಾಲು ಅದೇ. ಶಿಖರದ ಎತ್ತರ 1,894 ಮೀಟರ್. ಈ ಸಾಲಿನ ಪಡುವಣ ಮೈಯಲ್ಲಿ ಬಿದ್ದ ನೀರು ನೇತ್ರಾವತಿಗೆ ಸೇರಿ ಬಂಟ್ವಾಳದ ಮೇಲೆ ಕಡಲಿಗೆ ಹೋಗುತ್ತದೆ. ಮೂಡಣ ಮೈಯಲ್ಲಿ ಬಿದ್ದದ್ದು ಭದ್ರೆಯಾಗಿ ಬಯಲುಸೀಮೆಗೆ ಹರಿಯುತ್ತದೆ. ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ ಇರುವ ನಮ್ಮ ಗಡಾಯಿಕಲ್ಲು ಕೂಡ ಕುದುರೆಮುಖ ವನ್ಯಜೀವಿ ವಿಭಾಗಕ್ಕೇ ಸೇರಿದ್ದು. ಬೆಟ್ಟದ ಮೇಲೆ ಕಟ್ಟಿ ಬಿಟ್ಟುಹೋದವರಲ್ಲಿ ಗಣಿ ಕಂಪನಿ ಮೊದಲಿನದೇನಲ್ಲ. ದಕ್ಷಿಣ ಕನ್ನಡದ ಬ್ರಿಟಿಷ್ ಅಧಿಕಾರಿಗಳು ಬೇಸಿಗೆಯ ಸೆಕೆ ತಪ್ಪಿಸಿಕೊಳ್ಳಲು ಇದೇ ಬೆಟ್ಟ ಹತ್ತುತ್ತಿದ್ದರು. ಚಾರಣಕ್ಕೆ ಹೋಗುವವರು ಶಿಖರದ ಹತ್ತಿರ ಒಂದು ಹಳೆಯ ಇಗರ್ಜಿಯ ಕಲ್ಲುಗೋಡೆಗಳನ್ನು ಈಗಲೂ ನೋಡಬಹುದು.

ಇಲ್ಲಿ ಕಬ್ಬಿಣದ ಅದಿರು ಇದೆ ಎಂದು 1913ರಲ್ಲಿ ಕಂಡುಕೊಂಡವರು ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್. ಅದಿರಿನ ರಾಶಿ ದೊಡ್ಡದು, ಗುಣ ಕಡಿಮೆ. ಕಬ್ಬಿಣದ ಅಂಶ ನೂರಕ್ಕೆ ನಲವತ್ತೂ ಇಲ್ಲದ ಮ್ಯಾಗ್ನೆಟೈಟ್ ಅದು. ಬಳ್ಳಾರಿಯ ಅದಿರಿನಂತೆ ಅಗೆದು ಲಾರಿಗೆ ತುಂಬಿ ಮಾರಲು ಬರುವುದಿಲ್ಲ. ಪುಡಿ ಮಾಡಬೇಕು, ನೀರಿನಲ್ಲಿ ಕಲಸಬೇಕು, ಅಯಸ್ಕಾಂತ ಹಿಡಿದು ಕಬ್ಬಿಣದ ಕಣ ಬೇರ್ಪಡಿಸಬೇಕು. ಅದಕ್ಕೆ ಬೇಕಾದ ಯಂತ್ರ, ವಿದ್ಯುತ್ತು, ಹಣ ಅಂದಿನ ಕಾಲಕ್ಕೆ ಎಟುಕುವಂಥದ್ದಲ್ಲ. ಅರುವತ್ತು ವರ್ಷ ಬೆಟ್ಟ ಹಾಗೆಯೇ ಉಳಿದದ್ದು ಆ ಕಾರಣಕ್ಕೆ.

ಹಣ ಬಂದದ್ದು ಇರಾನಿನಿಂದ. ಎಣ್ಣೆಯ ಬೆಲೆ ಏರಿ ಅಲ್ಲಿನ ದೊರೆ ಷಾನ ಖಜಾನೆ ತುಂಬಿದ್ದ ಕಾಲ ಅದು. ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂದು ಇರಾನ್ 1975ರ ನವೆಂಬರಿನಲ್ಲಿ ಭಾರತದ ಜೊತೆ ಒಪ್ಪಂದ ಮಾಡಿಕೊಂಡಿತು. 63 ಕೋಟಿ ಡಾಲರ್ ಸಾಲ ಕೊಡುವುದು, ಅದಕ್ಕೆ ಪ್ರತಿಯಾಗಿ 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರೀಕೃತ ಅದಿರು ಪಡೆಯುವುದು. 1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಈ ಕಣಿವೆಯಲ್ಲಿ ನಾಲ್ಕೇ ಮಳೆಗಾಲ ಕಳೆಯುವುದರೊಳಗೆ ರಸ್ತೆ, ಸೇತುವೆ, ಕಾರ್ಖಾನೆ, ಊರು ಎದ್ದು ನಿಂತವು. 1980ಕ್ಕೆ ಸ್ಥಾವರ ಸಿದ್ಧವಾಯಿತು.

ಅಷ್ಟರಲ್ಲಿ ಕೊಳ್ಳುವವರೇ ಇರಲಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಓಡಿಹೋಗಿದ್ದ. ಸಾಲದ ಹಣ ಪೂರ್ತಿ ಬರಲಿಲ್ಲ. ಅದಿರಂತೂ ಅವರಿಗೆ ಬೇಡವಾಯಿತು. ಒಂದೇ ಗಿರಾಕಿಯನ್ನು ನಂಬಿ ಒಂದು ಬೆಟ್ಟಕ್ಕೆ ಕೈಹಾಕಿದ್ದರ ಫಲ ಅದು. ಭಾರತ ಸರಕಾರ ಉಳಿದ ಹಣ ಹಾಕಿತು, ಕಂಪನಿ ಬೇರೆ ದೇಶಗಳ ಬಾಗಿಲು ತಟ್ಟಿತು. ಮುಂದೆ ಜಪಾನ್, ಚೀನಾ, ಬಹರೇನ್ ಎಲ್ಲ ಕೊಂಡವು. ಈ ಕಥೆಯನ್ನು ನಮ್ಮ ಶಾಲೆಗಳಲ್ಲಿ ಹೇಳುವುದಿಲ್ಲ. ಟೆಹರಾನಿನ ಒಂದು ಗಲಾಟೆಗೂ ಮಾಳದ ಘಟ್ಟದ ಮೇಲಿನ ಒಂದು ಊರಿಗೂ ಹೀಗೊಂದು ನೇರ ಸಂಬಂಧವಿತ್ತು ಎಂಬುದು ಮಕ್ಕಳಿಗೆ ತಿಳಿಯಬೇಕು.

ಕಾರ್ಖಾನೆಯ ಕೆಲಸದ ಬಗೆ ಅರ್ಥವಾದರೆ ಅದು ಬಿಟ್ಟುಹೋದ ಸಮಸ್ಯೆಯೂ ಅರ್ಥವಾಗುತ್ತದೆ. ಗುಡ್ಡವನ್ನು ಗದ್ದೆಯ ಹಾಳಿಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದು ಸಿಡಿಮದ್ದಿನಿಂದ ಒಡೆಯುತ್ತಿದ್ದರು. ದೈತ್ಯ ಡಂಪರುಗಳು ಕಲ್ಲನ್ನು ಕ್ರಷರಿಗೆ ತರುತ್ತಿದ್ದವು. ಅಲ್ಲಿಂದ ಅರೆಯುವ ಗಿರಣಿ, ಆಮೇಲೆ ಅಯಸ್ಕಾಂತದ ಡ್ರಮ್ಮುಗಳು. ನೂರಕ್ಕೆ ಅರುವತ್ತಾರು ಅರುವತ್ತೇಳು ಪಾಲು ಕಬ್ಬಿಣವಿರುವ ನುಣ್ಣನೆಯ ಕಪ್ಪು ಪುಡಿ ಸಿಗುತ್ತಿತ್ತು. ಅದನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಪಣಂಬೂರಿಗೆ ಬಿಡುತ್ತಿದ್ದರು. ಅಲ್ಲಿ ನೀರು ಸೋಸಿ ಅದಿರನ್ನು ನವಮಂಗಳೂರು ಬಂದರಿನಿಂದ ಹಡಗಿಗೆ ತುಂಬಿಸುತ್ತಿದ್ದರು. ವರ್ಷಕ್ಕೆ 75 ಲಕ್ಷ ಟನ್ ಪುಡಿ ತೆಗೆಯುವುದು ಸ್ಥಾವರದ ಗುರಿ. ಅದಕ್ಕಾಗಿ ಸುಮಾರು ಎರಡೂಕಾಲು ಕೋಟಿ ಟನ್ ಕಲ್ಲು ಒಡೆಯಬೇಕು. ಎಂದರೆ ಮೂರು ಪಾಲು ಅಗೆದರೆ ಒಂದು ಪಾಲು ಹಡಗಿಗೆ ಹೋಗುತ್ತದೆ, ಎರಡು ಪಾಲು ಕೆಸರಾಗಿ ಇಲ್ಲೇ ಉಳಿಯುತ್ತದೆ.

ಆ ಎರಡು ಪಾಲನ್ನು ತುಂಬಲು ಭದ್ರೆಯ ಉಪಹೊಳೆ ಲಕ್ಯಾಕ್ಕೆ ಅಡ್ಡಲಾಗಿ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ನೀರಾವರಿಗೂ ಅಲ್ಲ, ವಿದ್ಯುತ್ತಿಗೂ ಅಲ್ಲ, ಕಾರ್ಖಾನೆಯ ಹೂಳು ಹಿಡಿದಿಡುವುದಕ್ಕಾಗಿಯೇ ಕಟ್ಟಿದ್ದು. ಒಂದು ಇಡೀ ಕಣಿವೆ ಕಾಡು ಸಮೇತ ಅದರಡಿ ಹೋಯಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಆ ಊರಿಗೆ ಅನ್ಯಾಯ ಮಾಡಿದಂತೆ. ಬೆಳ್ತಂಗಡಿ, ಕಾರ್ಕಳ, ಮೂಡುಬಿದಿರೆ, ಕಳಸ ಕಡೆಯ ಎಷ್ಟೋ ಮನೆಗಳಿಗೆ ಮೊದಲ ತಿಂಗಳ ಸಂಬಳ ಬಂದದ್ದು ‘ಕುದುರೆಮುಖ ಕಂಪನಿ’ಯಿಂದ. ಗದ್ದೆ ತೋಟ ಬಿಟ್ಟರೆ ಬೊಂಬಾಯಿಯ ಹೋಟೆಲ್ಲು ಎಂದಿದ್ದ ಕಾಲದಲ್ಲಿ ಐಟಿಐ ಮುಗಿಸಿದ ಹುಡುಗನಿಗೆ ಮನೆಯ ಹತ್ತಿರವೇ ಸರಕಾರಿ ಉದ್ದಿಮೆಯ ನೌಕರಿ ಸಿಗುವುದು ಸಣ್ಣ ಮಾತಲ್ಲ. ದೇಶದ ನಾನಾ ಮೂಲೆಗಳಿಂದ ಬಂದವರು ಒಂದೇ ಬೀದಿಯಲ್ಲಿ ಬದುಕಿದ ಊರದು. ಅಲ್ಲಿ ಹುಟ್ಟಿ ಬೆಳೆದವರು ಇಂದಿಗೂ ತಮ್ಮ ಊರು ಕುದುರೆಮುಖ ಎಂದೇ ಹೇಳುತ್ತಾರೆ. ಅವರಿಗೆ ಆ ಪಾಚಿ ಹಿಡಿದ ಕ್ವಾರ್ಟರ್ಸ್ ಬಾಲ್ಯದ ಮನೆ. ಗಣಿ ನಿಲ್ಲಬೇಕಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಿಂತಾಗ ಸ್ವಯಂ ನಿವೃತ್ತಿ (ವಿಆರ್‌ಎಸ್) ಪಡೆದು ಗಂಟುಮೂಟೆ ಕಟ್ಟಿದವರ ನೋವನ್ನು ಪರಿಸರದ ಹೆಸರಿನಲ್ಲಿ ಮರೆಯುವುದು ಸರಿಯಲ್ಲ.

ನಿಲ್ಲಿಸುವ ಹೋರಾಟವೂ ಉದ್ದವಾದದ್ದೇ. ಸಿಂಗಳೀಕಗಳ ಬಗ್ಗೆ ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಅಧ್ಯಯನ ಈ ಕಾಡಿನ ಬೆಲೆಯನ್ನು ತೋರಿಸಿಕೊಟ್ಟಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಮೊದಲ ಅಧಿಸೂಚನೆ ಬಂತು. ಆಗ ಗಣಿ ಅದರ ಹೊಟ್ಟೆಯೊಳಗೇ ಕೆಲಸ ಮಾಡುತ್ತಿತ್ತು. ಕಂಪನಿ ಹುಟ್ಟುವ ಮೊದಲೇ, 1969ರಲ್ಲಿ, ಕೊಟ್ಟಿದ್ದ ಸುಮಾರು 4,605 ಹೆಕ್ಟೇರಿನ ಮೂವತ್ತು ವರ್ಷದ ಗುತ್ತಿಗೆ 1999ಕ್ಕೆ ಮುಗಿಯಿತು. ಕಂಪನಿ ಇನ್ನೂ ಇಪ್ಪತ್ತು ವರ್ಷ ಕೇಳಿತು. ಗಂಗಡಿಕಲ್ಲು ಬೆಟ್ಟದ ಕಡೆಗೂ ಗಣಿ ಹಬ್ಬುತ್ತದೆಂಬ ಸುದ್ದಿ ಹರಡಿದಾಗ ತುಂಗೆ ಹುಟ್ಟುವ ತುಂಗಾಮೂಲ ಉಳಿಸಬೇಕೆಂದು ಮಲೆನಾಡು ಎದ್ದಿತು. ಭದ್ರೆಯ ನೀರು ಕುಡಿಯುವ, ಅದರಿಂದ ಗದ್ದೆ ಮಾಡುವ ಕೆಳಗಿನ ಜಿಲ್ಲೆಗಳ ರೈತರಿಗೆ ಮಳೆಗಾಲದಲ್ಲಿ ಕೆಂಪಗೆ ಹರಿಯುವ ಹೊಳೆಯೇ ಸಾಕ್ಷಿಯಾಗಿತ್ತು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರಾದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ಮುಚ್ಚಬೇಕೆಂದು ನ್ಯಾಯಾಲಯ ಹೇಳಿತು. ಸಾರ್ವಜನಿಕ ರಂಗದ ಅಷ್ಟು ದೊಡ್ಡ ಗಣಿಯೊಂದು ಕಾಡಿಗಾಗಿ ನಿಂತದ್ದು ದೇಶದಲ್ಲಿ ಅಪರೂಪ. 2012ರಲ್ಲಿ ಪಶ್ಚಿಮ ಘಟ್ಟಗಳ ಆಯ್ದ ತಾಣಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಅವುಗಳಲ್ಲಿ ಕುದುರೆಮುಖವೂ ಇತ್ತು.

ಘಟ್ಟದ ಮೇಲೆ ನಿಂತ ಉದ್ಯಮ ಕೆಳಗೆ ಬದುಕಿತು. ಪಣಂಬೂರಿನಲ್ಲಿ 1987ರಲ್ಲಿ ಆರಂಭವಾದ ಉಂಡೆ ಅದಿರಿನ ಕಾರ್ಖಾನೆ, ಅಂದರೆ ಪೆಲೆಟ್ ಪ್ಲಾಂಟ್, ಮೇಲಿನಿಂದ ಅದಿರು ಬರುವುದು ನಿಂತ ಮೇಲೆ ಛತ್ತೀಸಗಢದ ಬೈಲಾದಿಲದ ಅದಿರನ್ನು ವಿಶಾಖಪಟ್ಟಣದಿಂದ ಹಡಗಿನಲ್ಲಿ ತರಿಸಿಕೊಂಡು ನಡೆಯಿತು. ಖರ್ಚು ಹೆಚ್ಚು, ಆಗಾಗ ನಿಂತು ನಿಂತು ಓಡಿದ ಬಂಡಿ ಅದು, ನಿಜ. ಆದರೂ ಗಣಿ ಕಳೆದುಕೊಂಡ ಕಾರ್ಖಾನೆಯೊಂದು ಬೇರೆ ಅದಿರಿಗೆ ಹೊಂದಿಕೊಂಡು ಉಳಿದದ್ದು ಕೈಗಾರಿಕೆಯ ಜಾಗದಲ್ಲೇ ನಡೆದ ಮರುಬಳಕೆ. ಬಂದರಿನ ಪಕ್ಕದಲ್ಲಿ ಅದು ಸಾಧ್ಯ. ಕಾಡಿನ ನಡುವೆ ಏನು ಸಾಧ್ಯ?

ಹೊರಗಿನ ಮಾದರಿಗಳನ್ನು ಒಮ್ಮೆ ನೋಡಬೇಕು. ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ 1985ರಲ್ಲಿ ಮುಚ್ಚಿದ ಥೈಸನ್ ಕಂಪನಿಯ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ಉದ್ಯಾನ ಮಾಡಿದರು. ವಿನ್ಯಾಸಕಾರ ಪೀಟರ್ ಲಾಟ್ಸ್. ಕುಲುಮೆಯ ಮೇಲೆ ಜನ ಹತ್ತಿ ಊರು ನೋಡುತ್ತಾರೆ, ಅದಿರು ತುಂಬುತ್ತಿದ್ದ ತೊಟ್ಟಿಗಳ ಗೋಡೆಯಲ್ಲಿ ಬಂಡೆ ಹತ್ತುವುದನ್ನು ಕಲಿಯುತ್ತಾರೆ, ಅನಿಲದ ದೊಡ್ಡ ಟಾಂಕಿಗೆ ನೀರು ತುಂಬಿಸಿ ಮುಳುಗುವ ಅಭ್ಯಾಸ ಮಾಡುತ್ತಾರೆ. ಯಂತ್ರಗಳ ಸಂದಿಯಲ್ಲಿ ತಾನಾಗಿ ಹುಟ್ಟಿದ ಗಿಡಗಳನ್ನೂ ಹಾಗೆಯೇ ಬಿಟ್ಟಿದ್ದಾರೆ. ನಮ್ಮ ಹತ್ತಿರದಲ್ಲೇ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಇದೆ. ಕಾಫಿ, ಕರಿಮೆಣಸು, ತೆಂಗಿನ ನಾರು ರಾಶಿ ಹಾಕುತ್ತಿದ್ದ ಆ ಹಳೆಯ ಗೋದಾಮುಗಳು 2012ರಲ್ಲಿ ಕೊಚ್ಚಿ ಬಿಯೆನಾಲೆಯ ಕಲಾಪ್ರದರ್ಶನದ ತಾಣಗಳಾದವು. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ಜಾಗದಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಹೊರಟಿದೆ.

ಇವೆಲ್ಲವೂ ಒಳ್ಳೆಯ ಕೆಲಸಗಳು. ಆದರೆ ಮೂರೂ ಊರ ನಡುವಿನವು. ಡ್ಯೂಸ್‌ಬರ್ಗಿನಲ್ಲಿ ಹೊಗೆ ಕುಡಿದ ಜನರಿಗೆ ಹಸಿರು ಬೇಕಿತ್ತು, ಕಾರ್ಖಾನೆ ಅದನ್ನು ಕೊಟ್ಟಿತು. ಕುದುರೆಮುಖದಲ್ಲಿ ಹಸಿರಿಗೆ ಕೊರತೆಯಿಲ್ಲ. ಅಲ್ಲಿ ಜನ ಹೆಚ್ಚಿದಷ್ಟೂ ಕಾಡು ಸೋಲುತ್ತದೆ. ಪರಿಸರ ಪ್ರವಾಸೋದ್ಯಮದ ಹೆಸರಿನಲ್ಲಿ ಟೌನ್‌ಶಿಪ್ಪನ್ನು ವಿಹಾರಧಾಮ ಮಾಡುವ ಪ್ರಸ್ತಾಪ ಮತ್ತೆ ಮತ್ತೆ ಬಂದು ಹೋಗಿದೆ. ಶನಿವಾರ ಭಾನುವಾರದ ವಾಹನಗಳ ಸಾಲು, ಪ್ಲಾಸ್ಟಿಕ್ಕು, ರಾತ್ರಿಯ ದೀಪ, ಧ್ವನಿವರ್ಧಕ ಇವು ಗಣಿಯ ಸಿಡಿಮದ್ದಿಗಿಂತ ಮೃದು ಎಂದು ನಂಬುವವರು ಮುಳ್ಳಯ್ಯನಗಿರಿಗೆ ಒಂದು ರಜಾದಿನ ಹೋಗಿ ಬರಲಿ. ಕಟ್ಟಡ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ತುಂಬಿಸಲೇಬೇಕೆಂಬ ನಿಯಮವಿಲ್ಲ.

ಹಾಗೆಂದು ಎಲ್ಲವನ್ನೂ ಬಿಟ್ಟು ಬೀಗ ಹಾಕಿ ಬರುವಂತೆಯೂ ಇಲ್ಲ. ಮುಖ್ಯವಾಗಿ ಲಕ್ಯಾ ಅಣೆಕಟ್ಟು. ಹಳೆಯ ಗಿರಣಿಯ ಚಿಮಣಿ ಕುಸಿದರೆ ಇಟ್ಟಿಗೆ ಬೀಳುತ್ತದೆ. ನೂರು ಮೀಟರ್ ಎತ್ತರದ ಕಟ್ಟೆಯ ಹಿಂದೆ ಕಾಲು ಶತಮಾನದ ಹೂಳು ನಿಂತಿದೆ, ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಅದರ ಮೇಲೆ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಒಂದೆರಡು ದಿನದ ಮಳೆಗೆ ಗುಡ್ಡ ಜಾರಿದ್ದನ್ನೂ ತೋಟಗಳು ಮರಳಾದದ್ದನ್ನೂ ನಾವು ಕಂಡಿದ್ದೇವೆ. ಅದೇ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ ಈ ಕಟ್ಟೆ ಇದೆ. ಅದರ ನೀರಿನ ದಾರಿ, ಒಸರು, ಇಳಿಜಾರು ಇವುಗಳನ್ನು ನೋಡುವ ಎಂಜಿನಿಯರುಗಳು ಅಲ್ಲಿ ಇರಲೇಬೇಕು, ಈ ವರ್ಷ ಮಾತ್ರವಲ್ಲ, ಮೊಮ್ಮಕ್ಕಳ ಕಾಲದಲ್ಲೂ. ಹೂಳಿನಲ್ಲಿ ಉಳಿದಿರುವ ಕಬ್ಬಿಣವನ್ನು ಮತ್ತೆ ತೆಗೆಯಬಹುದೆಂಬ ಮಾತು ಆಗಾಗ ತಲೆಯೆತ್ತುತ್ತದೆ. ಅದಕ್ಕೆ ಒಪ್ಪಬಾರದು. ಕಲಕಿದ ಹೂಳು ಇಳಿಯುವುದು ಭದ್ರೆಗೇ.

ಈ ಹೊಣೆ ಯಾರದೆಂಬ ಜಗಳವೂ ತೀರಿಲ್ಲ. ಕಂಪನಿ ಈಗ ಸಂಡೂರಿನ ದೇವದಾರಿಯಲ್ಲಿ ಹೊಸ ಗಣಿ ಬಯಸುತ್ತಿದೆ. ಕುದುರೆಮುಖಕ್ಕೆ ಸಂಬಂಧಿಸಿದ ಬಾಕಿ ಕರ್ತವ್ಯಗಳನ್ನು ಪೂರೈಸುವ ತನಕ ಅಲ್ಲಿ ಅರಣ್ಯ ಭೂಮಿ ಹಸ್ತಾಂತರಿಸಬಾರದೆಂದು 2024ರ ಜೂನಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಹೊಸ ಬೆಟ್ಟ ಕೇಳುವ ಮೊದಲು ಹಳೆಯ ಬೆಟ್ಟದ ಲೆಕ್ಕ ಒಪ್ಪಿಸು ಎನ್ನುವುದು ನ್ಯಾಯದ ಮಾತು. ರಾಜಕೀಯ ಬದಲಾದರೂ ಆ ಮಾತು ಬದಲಾಗಬಾರದು.

ನನ್ನ ಅಭಿಪ್ರಾಯದಲ್ಲಿ ಕುದುರೆಮುಖದ ಮರುಬಳಕೆ ಸಣ್ಣದಾಗಿರಬೇಕು. ಗಟ್ಟಿಯಿರುವ ಕೆಲವೇ ಕಟ್ಟಡಗಳನ್ನು ಉಳಿಸಿ ಅಲ್ಲಿ ಪಶ್ಚಿಮ ಘಟ್ಟದ ಮಳೆ, ಮಣ್ಣು, ಶೋಲಾ, ಹೊಳೆಗಳನ್ನು ವರ್ಷವಿಡೀ ಅಳೆಯುವ ಸಂಶೋಧನಾ ಕೇಂದ್ರ ನಡೆಸಬಹುದು. ಕೊರೆದ ಗುಡ್ಡದ ಮೇಲೆ ಯಾವ ಹುಲ್ಲು ಮೊದಲು ಬರುತ್ತದೆ, ಹೊರಗಿನಿಂದ ತಂದು ನೆಟ್ಟ ಅಕೇಶಿಯಾ ತೆಗೆದರೆ ಊರ ಗಿಡಗಳು ಮರಳುತ್ತವೆಯೇ, ಹೂಳಿನ ಮೇಲೆ ಏನು ಬೆಳೆಯುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ನಾಡಿನಲ್ಲಿ ಇಲ್ಲ. ಮುಚ್ಚಬೇಕಾದ ಗಣಿಗಳು ಕರ್ನಾಟಕದಲ್ಲಿ ಇನ್ನೂ ಬಹಳ ಇವೆ, ಅಲ್ಲಿಗೆ ಈ ಕಲಿಕೆ ಬೇಕು. ಅರಣ್ಯ ಸಿಬ್ಬಂದಿಯ ತರಬೇತಿಗೂ ಅದೇ ಜಾಗ ಸಾಕು. ಒಂದು ಕಟ್ಟಡದಲ್ಲಿ ಗಣಿಯ ಕಥೆ ಹೇಳುವ ಸಂಗ್ರಹಾಲಯವಿರಲಿ, ಡಂಪರಿನ ಚಕ್ರದಿಂದ ಹಿಡಿದು ನ್ಯಾಯಾಲಯದ ತೀರ್ಪಿನವರೆಗೆ ಎರಡೂ ಕಡೆಯ ಮಾತು ಅಲ್ಲಿ ಇರಲಿ. ಮಿಕ್ಕ ಸಾಲುಮನೆಗಳನ್ನು ಜಾಗ್ರತೆಯಿಂದ ಕಳಚಿ, ಶೀಟು, ಕಬ್ಬಿಣ, ಎಣ್ಣೆಯ ಅವಶೇಷಗಳನ್ನು ಹೊರಗೆ ಸಾಗಿಸಿ ನೆಲವನ್ನು ಕಾಡಿಗೆ ಬಿಡಬೇಕು. ಕಾಡಿಗೆ ಮರಳಿಸುವುದೂ ಮರುಬಳಕೆಯೇ.

ಅದಕ್ಕಿಂತ ಮೊದಲು ಅಲ್ಲಿನ ಜನರಿಗಾಗಿ ಆಗಬೇಕಾದದ್ದೊಂದಿದೆ. ಘಟ್ಟದ ಮೇಲಿನ ಎಳನೀರು ಬೆಳ್ತಂಗಡಿ ತಾಲ್ಲೂಕಿನ ಮಲವಂತಿಗೆ ಗ್ರಾಮಕ್ಕೆ ಸೇರಿದ ಊರು. ಕೆಳಗಿನ ದಿಡುಪೆಗೆ ಇಳಿಯುವ ನೇರ ದಾರಿ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುವ ಕಚ್ಚಾ ಹಾದಿ. ಮಳೆಗಾಲದಲ್ಲಿ ಒಂದು ಪಹಣಿಗಾಗಿ ತಾಲ್ಲೂಕು ಕಚೇರಿಗೆ ಬರಬೇಕೆಂದರೆ ಕುದುರೆಮುಖ, ಬಜಗೋಳಿಯ ಮೇಲೆ ದಿನವಿಡೀ ಸುತ್ತಬೇಕು. ನಾರಾವಿಯ ಪಕ್ಕದ ಕುತ್ಲೂರಿನ ಮಲೆಕುಡಿಯರ ಮನೆಗಳೂ ಇದೇ ಉದ್ಯಾನದ ಒಳಗಿವೆ. ಬೆಟ್ಟ ಕೊರೆಯಲು ರಸ್ತೆ, ವಿದ್ಯುತ್ತು, ಆಸ್ಪತ್ರೆ ಎಲ್ಲವನ್ನೂ ನಾಲ್ಕು ವರ್ಷದಲ್ಲಿ ಒದಗಿಸಿದ ಸರಕಾರಗಳು ಗಣಿಗಿಂತ ಎಷ್ಟೋ ಮೊದಲಿನಿಂದ ಅಲ್ಲಿರುವ ಈ ಜನಕ್ಕೆ ದಶಕಗಟ್ಟಲೆ ಕಾನೂನಿನ ಪುಸ್ತಕ ತೋರಿಸಿದವು. ಇರಬಯಸುವವರಿಗೆ ಅರಣ್ಯ ಹಕ್ಕು ಕಾಯ್ದೆಯಂತೆ ಹಕ್ಕುಪತ್ರ ಮತ್ತು ಕನಿಷ್ಠ ಸೌಕರ್ಯ, ಹೊರಬರಲು ಒಪ್ಪಿದವರಿಗೆ ಮರ್ಯಾದೆಯ ಪರಿಹಾರ ಸಿಗಬೇಕು. ಟೌನ್‌ಶಿಪ್ಪಿನ ಆಸ್ಪತ್ರೆ ಕಟ್ಟಡಕ್ಕೆ ಹೊಸ ಉಪಯೋಗ ಹುಡುಕುವವರು ಮೊದಲು ಹತ್ತಿರದ ಸಂಸೆ, ಎಳನೀರು ಕಡೆಯವರನ್ನು ಕೇಳಲಿ. ಅಲ್ಲಿ ಒಬ್ಬ ವೈದ್ಯರೂ ಒಂದು ಆಂಬುಲೆನ್ಸೂ ಸದಾ ಇದ್ದರೆ ಅದೇ ಆ ಕಟ್ಟಡದ ಅತ್ಯುತ್ತಮ ಮರುಬಳಕೆ.

ಸರಕಾರ ಮಾಡಬೇಕಾದದ್ದು ಇದು. ನಮ್ಮ ಕೈಯಲ್ಲೇ ಇರುವ ಕೆಲಸವೂ ಒಂದಿದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಾರ್ಖಾನೆ ಹಾಳಾದರೂ ಅಲ್ಲಿ ದುಡಿದವರು ನಮ್ಮ ನಡುವೆ ಇದ್ದಾರೆ. 1980ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತು ದಾಟಿದೆ. ರಾತ್ರಿ ಪಾಳಿಯಲ್ಲಿ, ಮಂಜಿನಲ್ಲಿ, ಮುಂದಿನ ಡಂಪರೂ ಕಾಣದ ಮಳೆಯಲ್ಲಿ ಕೆಲಸ ಮಾಡಿದ ಅನುಭವ ಯಾವ ವಾರ್ಷಿಕ ವರದಿಯಲ್ಲೂ ಸಿಗುವುದಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ನಮ್ಮ ಮಗ್ಗುಲಲ್ಲೇ ಇದೆ, ಉಜಿರೆಯಲ್ಲಿಯೂ ಮೂಡುಬಿದಿರೆಯಲ್ಲಿಯೂ ದೊಡ್ಡ ಕಾಲೇಜುಗಳಿವೆ. ಇತಿಹಾಸ ಮತ್ತು ಪತ್ರಿಕೋದ್ಯಮ ಓದುವ ಮಕ್ಕಳಿಗೆ ಒಂದು ವರ್ಷದ ಪ್ರಾಜೆಕ್ಟಾಗಿ ಇದನ್ನೇ ಕೊಡಬಹುದು.

ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲಿ ಕುದುರೆಮುಖ ಕಂಪನಿಯ ಗುರುತಿನ ಚೀಟಿ, ಸಂಬಳದ ಸ್ಲಿಪ್ಪು, ಹೆಲ್ಮೆಟ್ಟು, ಟೌನ್‌ಶಿಪ್ಪಿನ ಶಾಲೆಯ ಗುಂಪು ಫೋಟೋ, ಹೋರಾಟದ ಕರಪತ್ರ ಏನಿದ್ದರೂ ಗುಜರಿಗೆ ಹಾಕಬೇಡಿ. ಫೋಟೋದ ಹಿಂದೆ ಇಸವಿ ಮತ್ತು ಹೆಸರು ಬರೆದಿಡಿ. ಅಲ್ಲಿ ಕೆಲಸ ಮಾಡಿದ ಅಜ್ಜ, ಮಾವ, ದೊಡ್ಡಪ್ಪ ಇದ್ದರೆ ಈ ಮಳೆಗಾಲದಲ್ಲೇ ಅವರ ಮುಂದೆ ಕುಳಿತು ಮೊಬೈಲಿನಲ್ಲಿ ಮಾತು ದಾಖಲಿಸಿಕೊಳ್ಳಿ, ಹತ್ತಿರದ ಕಾಲೇಜಿಗೋ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡಿ.